ಕಲಾಕೃತಿ ಸಂರಕ್ಷಣೆಯ ಆನ್‌ಲೈನ್ ಪರಿಚಯ ಕೋರ್ಸ್: ಯಾರಿಗೆ ಉಪಯೋಗ, ಎಲ್ಲಿ ಕೊರತೆ

ಹಳದಿಗಟ್ಟಿದ ವಾರ್ನಿಶ್‌ನ ಕೆಳಗಿಂದ ನೀಲಿ ಆಕಾಶ ಹೊರಬರುವ ವಿಡಿಯೊಗಳನ್ನು ನೋಡಿ ಕಲಾಕೃತಿ ಸಂರಕ್ಷಣೆಯನ್ನು ವೃತ್ತಿಯಾಗಿ ಆರಿಸಿಕೊಳ್ಳುವ ಆಸೆಗೆ ಬೀಳುವವರು ಬಹಳ ಮಂದಿ ಇದ್ದಾರೆ, ಅವರಿಗೆಂದೇ ಸಿದ್ಧಪಡಿಸಿದ ಪರಿಚಯ ಕೋರ್ಸುಗಳೂ ಈಗ ಕಡಿಮೆಯಿಲ್ಲ. ಅಂಥದೊಂದು ಕೋರ್ಸನ್ನು ಪೂರ್ತಿಯಾಗಿ ಮುಗಿಸಿ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ. ನಡೆಸುವ ಸಂಸ್ಥೆಯ ಹೆಸರನ್ನು ಬರೆಯುತ್ತಿಲ್ಲ. ಈ ಬಗೆಯ ಕೋರ್ಸುಗಳನ್ನು ಕೊಳ್ಳುವ ಮುನ್ನ ಏನನ್ನು ಪರಿಶೀಲಿಸಬೇಕು ಎಂಬುದು ಒಂದು ಹೆಸರಿಗಿಂತ ಹೆಚ್ಚು ಜನರಿಗೆ ಉಪಯೋಗವಾದೀತು. ಈ ಕೆಲಸಕ್ಕೆ ಬೇಕಾದ ತಾಳ್ಮೆ ಮತ್ತು ಸಂಯಮ ತನ್ನಲ್ಲಿ ಇದೆಯೇ ಎಂದು ತಿಳಿದುಕೊಳ್ಳಲು ಈ ಕೋರ್ಸ್ ನಿಜಕ್ಕೂ ಒಳ್ಳೆಯದು. ಆದರೆ ವೃತ್ತಿಗೆ ಕಾಲಿಡಲು ಬೇಕಾದ ಸಿದ್ಧತೆ ಎಂದು ಅದು ತನ್ನನ್ನು ತಾನು ಮಾರಿಕೊಳ್ಳುವುದು ಸರಿಯಲ್ಲ, ಏಕೆಂದರೆ ಆ ಸಿದ್ಧತೆಯ ತಳಹದಿಯಾದ ರಸಾಯನಶಾಸ್ತ್ರವನ್ನೇ ಅದು ಬಹುಮಟ್ಟಿಗೆ ಬಿಟ್ಟಿದೆ.

ನೋಂದಾಯಿಸಿದವರಿಗೆ ಮೊದಲೇ ರೆಕಾರ್ಡ್ ಮಾಡಿದ ಪಾಠಗಳು, ಓದುವ ಸಾಮಗ್ರಿ ಮತ್ತು ಅಂಚೆಯಲ್ಲಿ ಬರುವ ಒಂದು ಪೆಟ್ಟಿಗೆ ಸಿಗುತ್ತವೆ. ಪೆಟ್ಟಿಗೆಯಲ್ಲಿ ಎಣ್ಣೆಬಣ್ಣ ಹಚ್ಚಿ, ಮೇಲೆ ನೈಸರ್ಗಿಕ ರಾಳದ ವಾರ್ನಿಶ್ ಬಳಿದು, ಕೃತಕವಾಗಿ ಹಳತಾಗಿಸಿದ ಒಂದು ಅಭ್ಯಾಸದ ಹಲಗೆ, ಬಿದಿರಿನ ಕಡ್ಡಿಗಳು, ಉದ್ದ ಎಳೆಯ ಹತ್ತಿ, ಚಿಮಟ, ತಲೆಗೆ ಕಟ್ಟಿಕೊಳ್ಳುವ ಭೂತಗನ್ನಡಿ, ನೇರಳಾತೀತ ಟಾರ್ಚ್ ಮತ್ತು ಛಾಯಾಚಿತ್ರದಲ್ಲಿ ಬಣ್ಣದ ನಿಖರತೆಗಾಗಿ ಇಡುವ ಬಣ್ಣಪಟ್ಟಿ ಇವೆ. ದ್ರಾವಕಗಳನ್ನು ಕಳಿಸುವುದಿಲ್ಲ. ಕೆಲವರು ಇದನ್ನು ಕೊರತೆ ಎಂದು ದೂರಿದ್ದಾರೆ, ನನಗೆ ಇದು ಕೋರ್ಸಿನ ಅತ್ಯಂತ ಜವಾಬ್ದಾರಿಯುತ ನಿರ್ಧಾರಗಳಲ್ಲಿ ಒಂದಾಗಿ ಕಂಡಿತು. ಆವಿಯನ್ನು ಹೊರಗೆಳೆಯುವ ವ್ಯವಸ್ಥೆಯಿಲ್ಲದ ಮಲಗುವ ಕೋಣೆಯಲ್ಲಿ ಟೊಲ್ಯೂಯೀನ್ ಬಾಟಲಿ ತೆರೆಯಲು ಯಾವ ಕಲಿಕೆಯ ಉತ್ಸಾಹವೂ ಸಮರ್ಥನೆಯಾಗಲಾರದು. ನೇರಳಾತೀತ ಟಾರ್ಚ್‌ನ ಗುಣಮಟ್ಟ ಮಾತ್ರ ಕಳಪೆ. ಅದರಿಂದ ಕಣ್ಣಿಗೆ ಕಾಣುವ ನೇರಳೆ ಬೆಳಕೇ ಹೆಚ್ಚಾಗಿ ಬರುವುದರಿಂದ ನೋಡಬೇಕಾದ ಪ್ರತಿದೀಪ್ತಿ, ಅಂದರೆ ನೇರಳಾತೀತ ಕಿರಣ ಬಿದ್ದಾಗ ವಸ್ತು ತಾನೇ ಹೊರಸೂಸುವ ಹೊಳಪು, ಅದರಲ್ಲಿ ಮುಳುಗಿಹೋಗುತ್ತದೆ.

ಕೋರ್ಸಿನ ಶ್ರೇಷ್ಠ ಭಾಗ ಸ್ಥಿತಿ ವರದಿಯ ಪಾಠಗಳು. ಕಲಾಕೃತಿಯನ್ನು ಮುಟ್ಟುವ ಮುನ್ನ ಅದು ಯಾವ ಸ್ಥಿತಿಯಲ್ಲಿದೆ ಎಂಬುದನ್ನು ಬರಹದಲ್ಲಿ, ನಕ್ಷೆಯಲ್ಲಿ ಮತ್ತು ಛಾಯಾಚಿತ್ರದಲ್ಲಿ ದಾಖಲಿಸುವುದೇ ಸಂರಕ್ಷಕರ ಮೊದಲ ಕರ್ತವ್ಯ. ಸಾಮಾನ್ಯ ಬೆಳಕಿನಲ್ಲಿ ಸಮತಟ್ಟಾಗಿ ತೋರುವ ಚಿತ್ರಕ್ಕೆ ಒಂದು ಪಕ್ಕದಿಂದ ಓರೆಯಾಗಿ ಬೆಳಕು ಹಾಯಿಸಿದಾಗ ಬಣ್ಣದ ಪದರ ಎಲ್ಲಿ ಎದ್ದಿದೆ, ಕ್ಯಾನ್ವಾಸ್ ಎಲ್ಲಿ ಉಬ್ಬಿದೆ ಎಂಬುದು ಗೋಚರವಾಗುತ್ತದೆ. ನೇರಳಾತೀತ ಬೆಳಕಿನಲ್ಲಿ ಹಳೆಯ ರಾಳದ ವಾರ್ನಿಶ್ ಹಸಿರು ಛಾಯೆಯಲ್ಲಿ ಹೊಳೆಯುತ್ತದೆ, ಅದರ ಮೇಲೆ ನಂತರದ ಕಾಲದಲ್ಲಿ ಯಾರೋ ಹಚ್ಚಿದ ಬಣ್ಣ ಕಪ್ಪಾಗಿ ಕಾಣುತ್ತದೆ. ಅವಕೆಂಪು ಕಿರಣಗಳು ಹಲವು ಬಣ್ಣಗಳ ಪದರವನ್ನು ದಾಟಿ ಇದ್ದಿಲಿನಂಥ ಇಂಗಾಲದಿಂದ ಎಳೆದ ತಳರೇಖೆಗಳನ್ನು ತೋರಿಸಬಲ್ಲವು, ಸೀಸದ ಬಿಳಿ ಬಣ್ಣವು ಕ್ಷ-ಕಿರಣವನ್ನು ತಡೆದು ಅದರ ಚಿತ್ರದಲ್ಲಿ ಬೆಳ್ಳಗೆ ಮೂಡುತ್ತದೆ. ಇವೆಲ್ಲವನ್ನೂ ಪಾಠಗಳು ಆತುರವಿಲ್ಲದೆ, ಒಂದೇ ಚಿತ್ರವನ್ನು ಬೇರೆ ಬೇರೆ ಬೆಳಕಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸುತ್ತವೆ.

ಅದಕ್ಕಿಂತ ಮುಖ್ಯವಾಗಿ, ವರದಿ ಬರೆಯುವ ಭಾಷೆಯ ವಿಷಯದಲ್ಲಿ ಇಲ್ಲಿನ ಶಿಕ್ಷಕರು ನಿಷ್ಠುರರು. "ಬಣ್ಣ ತುಂಬಾ ಹಾಳಾಗಿದೆ" ಎಂದು ಬರೆದರೆ ವರದಿ ಹಿಂದಿರುಗಿ ಬರುತ್ತದೆ. ಬಿರುಕು ಯಾವ ಬಗೆಯದು, ಅದು ಬಣ್ಣದ ಮೇಲ್ಪದರಕ್ಕೆ ಸೀಮಿತವೇ ಅಥವಾ ತಳಪದರದವರೆಗೂ ಇಳಿದಿದೆಯೇ, ಅದರ ಅಂಚುಗಳು ಭದ್ರವಾಗಿವೆಯೇ ಅಥವಾ ಉದುರುವಂತಿವೆಯೇ, ಚಿತ್ರದ ಯಾವ ಮೂಲೆಯಿಂದ ಎಷ್ಟು ದೂರದಲ್ಲಿದೆ ಎಂದು ಬರೆಯಬೇಕು. ವೃತ್ತಿಯಲ್ಲಿ ಇರುವವರ ದಿನದ ಗಣನೀಯ ಭಾಗ ಕುಂಚಕ್ಕಿಂತ ಲೇಖನಿ ಮತ್ತು ಕ್ಯಾಮೆರಾದೊಂದಿಗೆ ಕಳೆಯುತ್ತದೆ ಎಂಬುದನ್ನು ಇಷ್ಟು ಸ್ಪಷ್ಟವಾಗಿ ಮನಗಾಣಿಸುವ ಪರಿಚಯ ಪಾಠ ಬೇರೆಡೆ ನನಗೆ ಕಂಡಿಲ್ಲ. ಈ ಭಾಗದಲ್ಲೇ ಬೇಸರಗೊಳ್ಳುವವರು ವೃತ್ತಿಯ ಯೋಚನೆಯನ್ನು ಇಲ್ಲಿಗೇ ನಿಲ್ಲಿಸುವುದು ಕ್ಷೇಮ, ಅವರಿಗೆ ಮುಂದೆ ಆಗಬಹುದಾದ ನಷ್ಟಕ್ಕೆ ಹೋಲಿಸಿದರೆ ಕೋರ್ಸಿನ ಶುಲ್ಕ ಅಲ್ಪವೇ ಸರಿ.

ಸ್ವಚ್ಛಗೊಳಿಸುವಿಕೆಯ ಪಾಠಗಳು ಚೆನ್ನಾಗಿ ಆರಂಭವಾಗುತ್ತವೆ. ಕಡ್ಡಿಗೆ ಹತ್ತಿಯನ್ನು ತಾನೇ ಸುತ್ತಿಕೊಳ್ಳುವುದು, ಅದನ್ನು ಚಿತ್ರದ ಮೇಲೆ ಉಜ್ಜದೆ ಉರುಳಿಸುವುದು, ಹತ್ತಿಯ ಮೇಲೆ ಏನು ಬಂದಿದೆ ಎಂದು ಪ್ರತಿ ಸಲವೂ ನೋಡುವುದು, ಅಂಚಿನಲ್ಲಿ ಅತಿ ಚಿಕ್ಕ ಜಾಗದಲ್ಲಿ ಮೊದಲು ಪರೀಕ್ಷಿಸುವುದು, ಎಲ್ಲವನ್ನೂ ಹತ್ತಿರದಿಂದ ಚಿತ್ರೀಕರಿಸಿದ್ದಾರೆ. ಮೇಲ್ಮೈಯ ಧೂಳು ಮತ್ತು ಜಿಡ್ಡಿಗೆ ಬಳಸಲು ಹೇಳುವ ದ್ರವವೆಂದರೆ ಬಾಯಿಯ ಎಂಜಲು. ನಗುವವರು ನಗಲಿ, ಇದು ಸಂರಕ್ಷಣಾಲಯಗಳಲ್ಲಿ ಬಹುಕಾಲದಿಂದ ನಡೆದುಬಂದ ಪದ್ಧತಿ. ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಸ್ವಚ್ಛಗೊಳಿಸುವ ಶಕ್ತಿಯನ್ನು ಅಳೆದ ಪೋರ್ಚುಗೀಸ್ ಸಂಶೋಧಕರಿಗೆ 2018ರಲ್ಲಿ, ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗಳಿಗೆಂದು ಮೀಸಲಾದ ಇಗ್ ನೊಬೆಲ್ ಬಹುಮಾನವೂ ಬಂದಿದೆ.

ಆದರೆ ಧೂಳಿನಿಂದ ವಾರ್ನಿಶ್‌ಗೆ ದಾಟುತ್ತಿದ್ದಂತೆ ಪಾಠ ಕುಸಿಯುತ್ತದೆ. ಶಿಕ್ಷಕರು ಪರದೆಯ ಮೇಲೆ ಬೇರೆ ಬೇರೆ ದ್ರಾವಕಗಳನ್ನು ಪ್ರಯೋಗಿಸಿ, "ಮೃದುವಾದುದರಿಂದ ಆರಂಭಿಸಿ ಪ್ರಬಲವಾದುದಕ್ಕೆ ಹೋಗಬೇಕು" ಎಂದಷ್ಟೇ ಹೇಳಿ ಮುಂದೆ ಸಾಗುತ್ತಾರೆ. ಮೃದು ಎಂದರೇನು, ಪ್ರಬಲ ಎಂದರೇನು, ಯಾವುದಕ್ಕೆ ಹೋಲಿಸಿ? ಮರಗಳಿಂದ ಸಿಗುವ ಡಮ್ಮರ್ ಅಥವಾ ಮ್ಯಾಸ್ಟಿಕ್ ರಾಳದ ವಾರ್ನಿಶ್ ಹೊಸದಾಗಿರುವಾಗ ಟರ್ಪೆಂಟೈನ್‌ನಂಥ ಧ್ರುವೀಯತೆ (ಅಣುವಿನ ಒಂದು ತುದಿ ಧನ, ಇನ್ನೊಂದು ತುದಿ ಋಣ ವಿದ್ಯುದಂಶ ಹೊಂದಿರುವ ಗುಣ) ಕಡಿಮೆಯಿರುವ ದ್ರಾವಕದಲ್ಲಿ ಕರಗುತ್ತದೆ. ವರ್ಷಗಳು ಉರುಳಿದಂತೆ ಬೆಳಕು ಮತ್ತು ಗಾಳಿಯ ಆಮ್ಲಜನಕದಿಂದ ಅದು ಉತ್ಕರ್ಷಣಗೊಂಡು ಹಳದಿಯಾಗುವುದಲ್ಲದೆ ಹೆಚ್ಚು ಧ್ರುವೀಯವೂ ಆಗುತ್ತದೆ, ಆಗ ಅದನ್ನು ಕರಗಿಸಲು ಎಥನಾಲ್ ಅಥವಾ ಅಸಿಟೋನ್‌ನಂಥ ದ್ರಾವಕ ಬೇಕಾಗುತ್ತದೆ. ಅಪಾಯವಿರುವುದು ಇಲ್ಲೇ. ಅದೇ ದ್ರಾವಕಗಳು ಕೆಳಗಿನ ಎಣ್ಣೆಬಣ್ಣದ ಪದರವನ್ನೂ ಊದಿಸಬಲ್ಲವು, ಅದರೊಳಗಿನ ಕರಗಬಲ್ಲ ಅಂಶಗಳನ್ನು ಹೊರಗೆಳೆದು ಬಣ್ಣವನ್ನು ಒರಟಾಗಿಯೂ ಬಿರುಸಾಗಿಯೂ ಮಾಡಬಲ್ಲವು. ಆದ್ದರಿಂದ ಸಂರಕ್ಷಕರ ಕೌಶಲವೆಲ್ಲ ವಾರ್ನಿಶ್ ಕರಗುವ ಮತ್ತು ಬಣ್ಣ ಕದಲದ ಒಂದು ಇಕ್ಕಟ್ಟಾದ ಅಂತರವನ್ನು ಗುರುತಿಸುವುದರಲ್ಲಿದೆ. ಈ ಅಂತರವನ್ನು ಅಗಲಗೊಳಿಸಲೆಂದೇ 1980ರ ದಶಕದಿಂದ ಅಮೆರಿಕದ ಸಂರಕ್ಷಕ ರಿಚರ್ಡ್ ವೋಲ್ಬರ್ಸ್ ಮತ್ತಿತರರು ದ್ರಾವಕವನ್ನು ಜೆಲ್‌ನಲ್ಲಿ ಹಿಡಿದಿಡುವ, ಕಿಣ್ವಗಳನ್ನು ಬಳಸುವ, ಆಮ್ಲ ಕ್ಷಾರಗಳ ಪ್ರಮಾಣವನ್ನು ಹದಗೊಳಿಸಿದ ನೀರಿನಿಂದಲೇ ಕೆಲಸ ಸಾಧಿಸುವ ವಿಧಾನಗಳನ್ನು ರೂಪಿಸಿದರು. ಈ ಯಾವುದಕ್ಕೂ ಪಾಠದಲ್ಲಿ ಜಾಗವಿಲ್ಲ. ಕೇಳಿದರೆ, ರಸಾಯನಶಾಸ್ತ್ರ ಸೇರಿಸಿದರೆ ಕಲಿಯುವವರು ಹೆದರಿ ಬಿಟ್ಟುಹೋಗುತ್ತಾರೆ ಎಂಬ ಉತ್ತರ ಬಂತು. ಮುಂದೆ ವೃತ್ತಿಪರ ಪದವಿಯ ಪ್ರವೇಶದಲ್ಲಿ ಅದೇ ರಸಾಯನಶಾಸ್ತ್ರ ಎದುರಾದಾಗ ಅವರು ಹೆದರದೆ ಇರುತ್ತಾರೆಯೇ?

ಬಣ್ಣ ತುಂಬುವ ಪಾಠಗಳ ಬಗ್ಗೆ ಇಂಥ ದೂರಿಲ್ಲ. ಚಿತ್ರ ಬಿಡಿಸಬಲ್ಲವರು ಬಹುಪಾಲು ಈ ಭಾಗಕ್ಕಾಗಿಯೇ ನೋಂದಾಯಿಸಿರುತ್ತಾರೆ, ಅವರ ಉತ್ಸಾಹಕ್ಕೆ ಇಲ್ಲಿ ಸಕಾಲದಲ್ಲಿ ಕಡಿವಾಣ ಬೀಳುತ್ತದೆ. ಬಣ್ಣ ಕಳೆದುಹೋದ ಜಾಗದ ಗಡಿಯೊಳಗೆ ಮಾತ್ರ ಹೊಸ ಬಣ್ಣ ಬರಬೇಕು, ಮೂಲ ಬಣ್ಣದ ಮೇಲೆ ಒಂದು ಕೂದಲಿನಷ್ಟೂ ಏರಬಾರದು, ಹಚ್ಚಿದ್ದನ್ನು ಮುಂದೆ ಯಾರಾದರೂ ಮೂಲಕ್ಕೆ ಧಕ್ಕೆಯಾಗದಂತೆ ತೆಗೆಯುವಂತಿರಬೇಕು. ರೋಮ್‌ನಲ್ಲಿ 1939ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಸಂರಕ್ಷಣಾ ಸಂಸ್ಥೆಯ ಮೊದಲ ನಿರ್ದೇಶಕ ಚೆಸರೆ ಬ್ರಾಂದಿಯವರ ಕಾಲದಲ್ಲಿ ರೂಪುಗೊಂಡ ತ್ರತೆಜ್ಜೊ ವಿಧಾನವನ್ನು ಅಭ್ಯಾಸಕ್ಕೆ ಕೊಡುತ್ತಾರೆ. ಕಳೆದುಹೋದ ಭಾಗವನ್ನು ತೆಳುವಾದ ಲಂಬ ಗೆರೆಗಳಿಂದ ತುಂಬುವ ಈ ವಿಧಾನದಲ್ಲಿ ದೂರದಿಂದ ನೋಡುವವರಿಗೆ ಚಿತ್ರ ಅಖಂಡವಾಗಿ ಕಾಣುತ್ತದೆ, ಹತ್ತಿರ ಬಂದವರಿಗೆ ಎಲ್ಲಿ ಹೊಸ ಕೈ ಕೆಲಸ ಮಾಡಿದೆ ಎಂಬುದು ಮುಚ್ಚುಮರೆಯಿಲ್ಲದೆ ತಿಳಿಯುತ್ತದೆ. 1966ರ ನವೆಂಬರ್ 4ರಂದು ಆರ್ನೊ ನದಿಯ ಪ್ರವಾಹ ಫ್ಲಾರೆನ್ಸ್ ನಗರಕ್ಕೆ ನುಗ್ಗಿ, ಮಧ್ಯಯುಗದ ಇಟಲಿಯ ಚಿತ್ರಕಾರ ಚಿಮಬೂಯೆ ರಚಿಸಿದ ಬೃಹತ್ ಶಿಲುಬೆಯ ಬಣ್ಣದ ಬಹುಭಾಗವನ್ನು ಕೊಚ್ಚಿಕೊಂಡು ಹೋದಾಗ ಸಂರಕ್ಷಕರು ಕಳೆದುಹೋದ ಆಕೃತಿಗಳನ್ನು ಊಹಿಸಿ ಬಿಡಿಸಲಿಲ್ಲ. ಕೃತಿಯ ಒಟ್ಟಾರೆ ವರ್ಣಗಳಿಂದ ಆಯ್ದ ಸಣ್ಣ ಗೆರೆಗಳ ಜಾಲವೊಂದನ್ನು ಖಾಲಿ ಜಾಗಗಳಲ್ಲಿ ಹೆಣೆದರು, ಅಲ್ಲಿ ರೂಪವಿಲ್ಲ, ಕಣ್ಣಿಗೆ ತಡೆಯೂ ಆಗುವುದಿಲ್ಲ. ಈ ಉದಾಹರಣೆಯನ್ನು ವಿವರಿಸುವ ಪಾಠ ಇಡೀ ಕೋರ್ಸಿನಲ್ಲಿ ನನಗೆ ಅತ್ಯಂತ ಪ್ರಿಯವಾದುದು. ಅದರ ಪಕ್ಕದಲ್ಲೇ 2012ರಲ್ಲಿ ಸ್ಪೇನ್‌ನ ಬೋರ್ಹಾ ಪಟ್ಟಣದ ಚರ್ಚಿನಲ್ಲಿ ಕ್ರಿಸ್ತನ ಭಿತ್ತಿಚಿತ್ರವೊಂದು ಭಕ್ತಿಯಿಂದ ಮಾಡಿದ ರಿಪೇರಿಗೆ ಸಿಕ್ಕಿ ಗುರುತೇ ಸಿಗದಂತಾದ ಪ್ರಸಂಗವನ್ನೂ ಇಟ್ಟಿದ್ದಾರೆ, ಮತ್ತು ಗೇಲಿ ಮಾಡದೆ ಹೇಳಿದ್ದಾರೆ ಎಂಬುದು ಮೆಚ್ಚತಕ್ಕದ್ದು.

ಹಳೆಯ ರಿಪೇರಿಗಳೇ ಹೊಸ ಸಂರಕ್ಷಕರ ದೊಡ್ಡ ಹೊರೆ ಎಂಬ ವಿಷಯವನ್ನು ಕೋರ್ಸ್ ಮುಟ್ಟುತ್ತದೆ, ಆದರೆ ಮೇಲುಮೇಲೆ. ಸಡಿಲಗೊಂಡ ಕ್ಯಾನ್ವಾಸಿನ ಹಿಂಬದಿಗೆ ಮೇಣ ಮತ್ತು ರಾಳದ ಮಿಶ್ರಣದಿಂದ ಇನ್ನೊಂದು ಬಟ್ಟೆಯನ್ನು ಬಿಸಿ ಮಾಡಿ ಅಂಟಿಸುವುದು ಒಂದು ಕಾಲದಲ್ಲಿ ಸರ್ವೇಸಾಧಾರಣ ಚಿಕಿತ್ಸೆಯಾಗಿತ್ತು. ಅದರಿಂದ ಬಣ್ಣಗಳು ಕಪ್ಪಿಡುವುದೂ ಕುಂಚದ ಉಬ್ಬುಗಳು ಚಪ್ಪಟೆಯಾಗುವುದೂ ಗಮನಕ್ಕೆ ಬಂದು, 1974ರಲ್ಲಿ ಗ್ರೀನಿಚ್‌ನಲ್ಲಿ ನಡೆದ ಸಮ್ಮೇಳನದಲ್ಲಿ ಈ ಬಗೆಯ ಅಂಟಿಸುವಿಕೆಯನ್ನೇ ಸದ್ಯಕ್ಕೆ ನಿಲ್ಲಿಸಬೇಕೆಂಬ ಕರೆ ಎದ್ದಿತು. ಇಂದು ಏನನ್ನೂ ಮಾಡದೆ ಇರುವುದನ್ನೂ ಒಂದು ಗೌರವಾನ್ವಿತ ನಿರ್ಧಾರವೆಂದು ವೃತ್ತಿ ಪರಿಗಣಿಸುವುದರ ಹಿಂದೆ ಇಂಥ ಅನುಭವಗಳಿವೆ. ಕೋರ್ಸ್ ಇದನ್ನು ಒಂದು ವಾಕ್ಯದಲ್ಲಿ ಮುಗಿಸಿ, ಲಿಯೊನಾರ್ಡೊನ ಕೊನೆಯ ಭೋಜನದ ಭಿತ್ತಿಚಿತ್ರದ ಕಡೆಗೆ ಹೊರಳುತ್ತದೆ. ಪಿನಿನ್ ಬ್ರಂಬಿಲ್ಲಾ ಬಾರ್ಚಿಲೋನ್ ಅವರ ನೇತೃತ್ವದಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ನಡೆದು 1999ರಲ್ಲಿ ಮುಗಿದ ಆ ಕೆಲಸ ಪ್ರೇರಣೆ ಕೊಡುವಂಥದ್ದು ನಿಜ. ಆದರೆ ಹೊಸಬರಿಗೆ ಸಿಗುವ ಮೊದಲ ಕೆಲಸ ಉಗ್ರಾಣದಲ್ಲಿರುವ ಚೌಕಟ್ಟುಗಳ ಧೂಳು ತೆಗೆಯುವುದು ಎಂಬುದನ್ನೂ ಹೇಳಬೇಕಿತ್ತು.

ಮುನ್ನೆಚ್ಚರಿಕೆಯ ಸಂರಕ್ಷಣೆಗೆ ಒಂದೇ ಒಂದು ಚಿಕ್ಕ ಪಾಠವಿದೆ, ಅದು ಸಾಲದು. ಬೆಳಕಿಗೆ ಬೇಗ ಮಾಸುವ ಕಾಗದ, ಬಟ್ಟೆ, ಜಲವರ್ಣಗಳಿಗೆ ಪ್ರದರ್ಶನದಲ್ಲಿ 50 ಲಕ್ಸ್‌ನಷ್ಟು ಬೆಳಕನ್ನು ಮಾತ್ರ ಇಡುವ ರೂಢಿ, ತೇವಾಂಶದ ಏರಿಳಿತಕ್ಕೆ ಮರದ ಹಲಗೆ ಹಿಗ್ಗಿ ಕುಗ್ಗಿ ಬಣ್ಣವನ್ನು ಉದುರಿಸುವುದು, ಹುಳುಗಳ ಮೇಲೆ ಬಲೆ ಇಟ್ಟು ನಿಗಾ ವಹಿಸುವುದು, ಇವೆಲ್ಲವನ್ನೂ ಅದರಲ್ಲಿ ತುರುಕಿದ್ದಾರೆ. ಬ್ರಿಟಿಷ್ ಮ್ಯೂಸಿಯಂನ ಆಂಡ್ರ್ಯೂ ಆಡಿ 1970ರ ದಶಕದಲ್ಲಿ ರೂಪಿಸಿದ ಪರೀಕ್ಷೆಯ ಹೆಸರನ್ನು ಹೇಳಿ ಬಿಟ್ಟುಬಿಡುತ್ತಾರೆ. ಪ್ರದರ್ಶನ ಪೆಟ್ಟಿಗೆಗೆ ಬಳಸಬೇಕೆಂದಿರುವ ಬಟ್ಟೆ, ಮರ ಅಥವಾ ಬಣ್ಣದ ತುಣುಕನ್ನು ಬೆಳ್ಳಿ, ಸೀಸ ಮತ್ತು ತಾಮ್ರದ ಚೂರುಗಳೊಂದಿಗೆ ಮುಚ್ಚಿದ ಸೀಸೆಯಲ್ಲಿ 60 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ 28 ದಿನ ಇಟ್ಟು, ಲೋಹಗಳು ಕಿಲುಬು ಹಿಡಿಯುತ್ತವೆಯೇ ಎಂದು ನೋಡುವ ಈ ಸರಳ ಪರೀಕ್ಷೆ ಅಸಂಖ್ಯ ವಸ್ತುಗಳನ್ನು ಉಳಿಸಿದೆ. ಪರದೆಯ ಮೇಲೆ ನಾಟಕೀಯವಾಗಿ ಕಾಣದ ಈ ಕೆಲಸಗಳೇ ವಸ್ತುಸಂಗ್ರಹಾಲಯಗಳಲ್ಲಿ ಸಂರಕ್ಷಕರಿಂದ ನಿತ್ಯ ನಿರೀಕ್ಷಿಸುವ ಕೆಲಸಗಳು.

ವೃತ್ತಿ ಮಾರ್ಗದರ್ಶನದ ಕೊನೆಯ ಘಟಕ ಕೋರ್ಸಿನ ಅತ್ಯಂತ ದುರ್ಬಲ ಭಾಗ. "ಚಿತ್ರಕಲೆಯ ಕೈ ಇದ್ದರೆ ಪ್ರಮಾಣಪತ್ರ ಪಡೆದು ಮನೆಯಲ್ಲೇ ಸ್ಟುಡಿಯೊ ಆರಂಭಿಸಬಹುದು" ಎಂಬ ಅರ್ಥದ ಮಾತು ಅಲ್ಲಿ ಬರುತ್ತದೆ. ಇದು ಹಿಂದಿನ ಎಲ್ಲ ಪಾಠಗಳಿಗೂ ತದ್ವಿರುದ್ಧ. 1984ರಲ್ಲಿ ಕೋಪನ್‌ಹೇಗನ್‌ನಲ್ಲಿ ಅಂತರರಾಷ್ಟ್ರೀಯ ವಸ್ತುಸಂಗ್ರಹಾಲಯ ಮಂಡಳಿಯ ಸಂರಕ್ಷಣಾ ಸಮಿತಿ ಒಪ್ಪಿಕೊಂಡ ವೃತ್ತಿಯ ವ್ಯಾಖ್ಯಾನವೇ ಸಂರಕ್ಷಕರನ್ನು ಕಲಾವಿದರಿಂದಲೂ ಕುಶಲಕರ್ಮಿಗಳಿಂದಲೂ ಬೇರ್ಪಡಿಸಿ ನೋಡುತ್ತದೆ, ಯುರೋಪಿನ ಸಂರಕ್ಷಕರ ಸಂಘಗಳ ಒಕ್ಕೂಟ ಸ್ನಾತಕೋತ್ತರ ಮಟ್ಟದ ಶಿಕ್ಷಣವನ್ನು ವೃತ್ತಿಪ್ರವೇಶದ ಅಳತೆಯಾಗಿ ಇಟ್ಟಿದೆ. ಅಮೆರಿಕದಲ್ಲಿ 1960ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಮತ್ತು 1974ರಲ್ಲಿ ಡೆಲವೇರ್ ವಿಶ್ವವಿದ್ಯಾಲಯ ಹಾಗೂ ವಿಂಟರ್‌ಥರ್ ವಸ್ತುಸಂಗ್ರಹಾಲಯ ಸೇರಿ ಆರಂಭಿಸಿದಂಥ ಸ್ನಾತಕೋತ್ತರ ತರಗತಿಗಳಲ್ಲಿ ವರ್ಷಕ್ಕೆ ಬೆರಳೆಣಿಕೆಯ ವಿದ್ಯಾರ್ಥಿಗಳಿಗಷ್ಟೇ ಜಾಗ. ಅಲ್ಲಿಗೆ ಅರ್ಜಿ ಹಾಕುವವರು ಕಲಾ ಇತಿಹಾಸ ಮತ್ತು ಸ್ಟುಡಿಯೊ ಅಭ್ಯಾಸದ ಜೊತೆಗೆ ಸಾಮಾನ್ಯ ಮತ್ತು ಸಾವಯವ ರಸಾಯನಶಾಸ್ತ್ರವನ್ನೂ ಓದಿರಬೇಕಾಗುತ್ತದೆ, ಅನುಭವಿ ಸಂರಕ್ಷಕರ ಕೈಕೆಳಗೆ ಕೆಲಸ ಮಾಡಿದ ದಾಖಲೆಯನ್ನೂ ತೋರಿಸಬೇಕಾಗುತ್ತದೆ. ಆ ಅನುಭವ ಅನೇಕ ಕಡೆ ಸಂಬಳವಿಲ್ಲದೆಯೇ ಸಿಗುವಂಥದ್ದು, ಹೀಗಾಗಿ ಮನೆಯ ಆಸರೆ ಇಲ್ಲದವರಿಗೆ ಈ ದಾರಿ ಕಡಿದಾಗಿದೆ ಎಂಬ ಟೀಕೆ ವೃತ್ತಿಯ ಒಳಗಿನಿಂದಲೇ ಕೇಳಿಬಂದಿದೆ. ಓದು ಮುಗಿದ ಮೇಲೂ ನಿರ್ದಿಷ್ಟ ಅವಧಿಯ ಗುತ್ತಿಗೆ ಕೆಲಸಗಳೇ ಮೊದಲ ವರ್ಷಗಳಲ್ಲಿ ಸಾಮಾನ್ಯ. ಕೋರ್ಸಿನ ಪ್ರಮಾಣಪತ್ರ ಈ ಅರ್ಜಿಗಳಲ್ಲಿ ಆಸಕ್ತಿಯ ಸಾಕ್ಷಿಯಾಗಬಹುದು, ಅರ್ಹತೆಯ ಸಾಕ್ಷಿಯಂತೂ ಅಲ್ಲ.

ದೇಹದ ಮೇಲೆ ಬೀಳುವ ಭಾರದ ಬಗ್ಗೆಯೂ ಈ ಘಟಕ ಮೌನವಾಗಿದೆ. ಸೂಕ್ಷ್ಮದರ್ಶಕದ ಮೇಲೆ ಗಂಟೆಗಟ್ಟಲೆ ಬಾಗಿದ ಕತ್ತು, ದ್ರಾವಕಗಳ ಆವಿ, ಸೀಸ, ಪಾದರಸ, ಆರ್ಸೆನಿಕ್ ಇರುವ ಹಳೆಯ ವರ್ಣದ್ರವ್ಯಗಳು, ಹುಳು ಹಿಡಿಯದಿರಲೆಂದು ಹಿಂದಿನವರು ಸಂಗ್ರಹದ ವಸ್ತುಗಳಿಗೆ ಹಚ್ಚಿಟ್ಟ ವಿಷಗಳು ಈ ವೃತ್ತಿಯ ದೈನಂದಿನ ವಾಸ್ತವ. ಕೈಗವಸು ಹಾಕಿಕೊಳ್ಳಿ ಎಂಬ ಒಂದು ಸಾಲಿನ ಸೂಚನೆ ಇದಕ್ಕೆ ಉತ್ತರವಾಗುವುದಿಲ್ಲ.

ಸೇವೆಯ ವಿಷಯದಲ್ಲಿ ಹೇಳುವುದು ಹೆಚ್ಚಿಲ್ಲ. ವಿಡಿಯೊಗಳ ಗುಣಮಟ್ಟ ಉತ್ತಮವಾಗಿದೆ, ಹತ್ತಿರದ ದೃಶ್ಯಗಳಲ್ಲಿ ಬಣ್ಣ ನಿಖರವಾಗಿದೆ. ಸ್ಥಿತಿ ವರದಿಗಳ ಮೌಲ್ಯಮಾಪನ ನಿಧಾನವಾದರೂ ವಿವರವಾಗಿ ಬರುತ್ತದೆ, ಪ್ರಶ್ನೆಗಳಿಗೆ ಕೆಲಸದಲ್ಲಿರುವ ಸಂರಕ್ಷಕರೇ ಉತ್ತರಿಸುತ್ತಾರೆ. ಆದರೆ ಪಾಠಗಳು ಖರೀದಿಯ ನಂತರ ಒಂದು ಅವಧಿಯವರೆಗೆ ಮಾತ್ರ ತೆರೆದಿರುತ್ತವೆ ಎಂಬುದನ್ನು ನೋಂದಣಿಯ ಪುಟದಲ್ಲಿ ಎದ್ದುಕಾಣುವಂತೆ ಬರೆದಿಲ್ಲ.

ಚಿತ್ರಕಲೆ, ಕಲಾ ಇತಿಹಾಸ ಅಥವಾ ವಿಜ್ಞಾನ ಓದುತ್ತಿದ್ದು ಮುಂದಿನ ದಾರಿಯ ಬಗ್ಗೆ ಅನುಮಾನದಲ್ಲಿರುವ ವಿದ್ಯಾರ್ಥಿಗಳಿಗೂ ಸಂಗ್ರಹಾಲಯಗಳಲ್ಲಿ ಬೇರೆ ಹುದ್ದೆಗಳಲ್ಲಿದ್ದು ಸಂರಕ್ಷಕರ ಕೆಲಸವನ್ನು ಅರ್ಥ ಮಾಡಿಕೊಳ್ಳಬೇಕೆನ್ನುವವರಿಗೂ ಇದನ್ನು ಸಂಕೋಚವಿಲ್ಲದೆ ಶಿಫಾರಸು ಮಾಡುತ್ತೇನೆ. ಈಗಿನ ಕೆಲಸ ಬಿಟ್ಟು ಇದೇ ಕೋರ್ಸಿನ ಬಲದ ಮೇಲೆ ವೃತ್ತಿ ಬದಲಾಯಿಸಲು ಯೋಚಿಸುವವರು ಶುಲ್ಕ ಕಟ್ಟುವ ಮೊದಲು ತಾವು ಸೇರಬಯಸುವ ಪದವಿಯ ಪ್ರವೇಶದ ಷರತ್ತುಗಳನ್ನು ತರಿಸಿಕೊಂಡು ಓದಲಿ, ಅಲ್ಲಿ ಕೇಳಿರುವ ರಸಾಯನಶಾಸ್ತ್ರದ ಪಾಠಗಳನ್ನು ಬೇರೆ ಕಡೆ ಆರಂಭಿಸಲಿ, ಆಮೇಲೆ ಇದನ್ನು ಅದರ ಜೊತೆಗೆ ಇಟ್ಟುಕೊಳ್ಳಲಿ. ನೋಂದಾಯಿಸಿದವರು ಮೊದಲು ಮಾಡಬೇಕಾದ ಕೆಲಸವೆಂದರೆ ಸ್ಥಿತಿ ವರದಿಯ ನಮೂನೆಯನ್ನೂ ಹಾನಿಯ ಬಗೆಗಳ ಸಚಿತ್ರ ಪಟ್ಟಿಯನ್ನೂ ಇಳಿಸಿಕೊಂಡು ಮುದ್ರಿಸಿ ಇಟ್ಟುಕೊಳ್ಳುವುದು, ಏಕೆಂದರೆ ಅವಧಿ ಮುಗಿದ ದಿನ ವಿಡಿಯೊಗಳ ಜೊತೆಗೆ ಅವೂ ಮುಚ್ಚಿಹೋಗುತ್ತವೆ.